ಬಿಗಿದು ಕಟ್ಟಿದ ಹೊದಿಕೆ

ಅಚ್ಚುಕಟ್ಟುತನ ಒಳ್ಳೆಯ ಗುಣವೇ, ಇಲ್ಲವೆಂದವರಾರು? ಆದರೆ ಅದು ಮೈಗೆ ಹತ್ತಿಬಿಟ್ಟವರಿಗೆ ಹಾಸಿಗೆ ಯಾವುದು, ದೋಣಿ ಯಾವುದು ಎಂಬ ಭೇದವೇ ಉಳಿಯುವುದಿಲ್ಲ. ಆಸ್ಲೌಗ್ ತನ್ನ ಆಯುಷ್ಯದ ಬಹುಭಾಗ ಕಡಲದಂಡೆಯ ಹೋಟೆಲೊಂದರಲ್ಲಿ ಹಾಸಿಗೆಬಟ್ಟೆಗಳ ಉಸ್ತುವಾರಿ ನೋಡಿಕೊಂಡವಳು. ಅವಳು ಮಡಚಿ ಸಿಕ್ಕಿಸಿದ ಚಾದರದ ಮೂಲೆ ನೋಡಿ ಹೋಟೆಲಿನ ಯಜಮಾನನೇ, "ಇದ್ರೊಳಗೆ ಮನುಷ್ಯ ಹೇಗಮ್ಮಾ ತೂರೋದು?" ಎಂದು ಕೇಳಿದ್ದುಂಟು. ಅವಳು ಅದನ್ನು ಹೊಗಳಿಕೆಯೆಂದೇ ತಿಳಿದಿದ್ದಳು. ಅವಳ ತಮ್ಮ ತಾರಾಲ್‌ನ 'ತೆರ್ನಾ' ದೋಣಿಗೆ ಚಳಿಗಾಲದ ಹೊದಿಕೆ ಕಟ್ಟಿದ್ದೂ ಅದೇ ಕೈಗಳು.

ಕಟ್ಟುವ ಸರದಿ ಅವಳಿಗೆ ಬಂದದ್ದು ತಾರಾಲ್‌ಗೆ ಲಕ್ವ ಹೊಡೆದ ಮೇಲೆ. ಅದು ಎರಡು ಶರತ್ಕಾಲಗಳ ಹಿಂದಿನ ಮಾತು. ದೋಣಿಯನ್ನು ಆಗಷ್ಟೇ ನೀರಿನಿಂದ ಅವನ ದೋಣಿಮನೆಯ ಮುಂದಿನ ದಡಕ್ಕೆಳೆದಿದ್ದರು. ಎಳೆದ ವಾರದಲ್ಲೇ, ಮನೆಯಲ್ಲಿ ಒಂಟಿಯಾಗಿದ್ದ ಅವನು ಅಡುಗೆಮನೆಯಲ್ಲಿ ಕುಸಿದುಬಿದ್ದ. ಬಲಗೈ, ಬಲಗಾಲು ಎರಡೂ ಸ್ವಾಧೀನ ತಪ್ಪಿದವು. ಆಸ್ಪತ್ರೆಯ ಹಾಸಿಗೆಯಲ್ಲಿ ಮಾತು ಮರಳಿದಾಗ ಅವನು ಮೊದಲು ಕೇಳಿದ್ದು ತೆರ್ನಾ ಬಗ್ಗೆ. "ನೀನು ಮಲ್ಕೊ, ನಾನಿಲ್ವಾ?" ಎಂದಿದ್ದಳು ಆಸ್ಲೌಗ್.

ಅವಳು ಮಾಡಿದ್ದಿಷ್ಟು. ಮೊದಲು ದೋಣಿಯ ಒಳಗೆಲ್ಲ ಬಿಳಿಪುಡಿ ಕಟ್ಟಿದ್ದ ಕಡಲುಪ್ಪನ್ನು ನೋಡಿ ಅಸಹ್ಯಪಟ್ಟುಕೊಂಡು, ಬಕೆಟ್ಟುಗಟ್ಟಲೆ ಸಿಹಿನೀರು, ಸೋಪು ಹಾಕಿ ತೊಳೆದಳು. ದೋಣಿಮನೆಯ ಮೂಲೆಯಲ್ಲಿ ಹರಳುಪ್ಪಿನ ಚೀಲವೊಂದಿತ್ತು. ಆ ಊರಿನವರು ಚಳಿಗಾಲಕ್ಕೆ ಮುಂಚೆ ಮರದ ದೋಣಿಯ ತಳಕ್ಕೆ ಹರಳುಪ್ಪು ಎರಚುತ್ತಾರೆ. ಸಿಹಿನೀರು ಮರವನ್ನು ಕೊಳೆಸುತ್ತದೆ, ಉಪ್ಪು ಕಾಯುತ್ತದೆ. ಆಸ್ಲೌಗ್‌ಗೆ ಅದು ಗೊತ್ತಿರಲಿಲ್ಲ. ಹೆಂಗಸರನ್ನು ದೋಣಿಮನೆಯ ಕೆಲಸಕ್ಕೆ ಕರೆಯುವ ಪದ್ಧತಿ ಅವರ ಮನೆಯಲ್ಲಿ ಇರಲಿಲ್ಲವಲ್ಲ. ಆ ಉಪ್ಪನ್ನು ಅವಳು ಹಿಮ ಕರಗಲೆಂದು ತಮ್ಮನ ಮನೆಯ ಮೆಟ್ಟಿಲಿಗೆ ಸುರಿದಳು. ಆಮೇಲೆ ಟಾರ್ಪಾಲು ಹೊದೆಸಿ, ಮುಂದೆ ಹಿಂದೆ ಎರಡೂ ತುದಿ ಮಡಚಿ, ಒಂದು ಇಲಿಮರಿಯೂ ನುಸುಳದಂತೆ ಹಗ್ಗ ಬಿಗಿದಳು.

ತಾರಾಲ್‌ನ ಬಾಲ್ಯದ ಗೆಳೆಯ ಓಸ್ಮುಂಡ್. ಇಬ್ಬರ ದೋಣಿಮನೆಗಳಿಗೂ ಗೋಡೆ ಒಂದೇ. ಅವನು ಮರುವಸಂತದಲ್ಲಿ ಬಂದು ನೋಡಿ ಎರಡೂ ತುದಿ ಬಿಚ್ಚಿ, ಗಾಳಿಯಾಡುವಂತೆ ಎತ್ತಿ ಕಟ್ಟಿದ. ಅಂಗಡಿಯಲ್ಲಿ ಸಿಕ್ಕಾಗ, "ದೋಣಿಗೆ ಚಳಿ ಆಗಲ್ಲ ಮಾರಾಯ್ತಿ, ಅದಕ್ಕೆ ಉಸಿರು ಬೇಕು" ಎಂದು ನಕ್ಕೂ ಇದ್ದ. ಆಸ್ಲೌಗ್‌ಗೆ ಮೂಗಿನ ತುದಿಗೆ ಕೋಪ ಬಂತು. ತಾನು ಕಟ್ಟಿದ್ದನ್ನು ಇನ್ನೊಬ್ಬರು ಬಿಚ್ಚುವುದೆಂದರೇನು? ಓಸ್ಮುಂಡ್ ಮಗಳ ಮನೆ ಕಟ್ಟಿಸಲು ಬೆರ್ಗೆನ್ ಪಟ್ಟಣಕ್ಕೆ ಹೋದ ಮಾರನೆಯ ದಿನವೇ ಅವಳು ಹೋಗಿ ಮತ್ತೆ ಬಿಗಿದಳು, ಈ ಸಲ ಒಂದಕ್ಕೆ ಎರಡು ಗಂಟು. ತಾರಾಲ್‌ಗೆ, "ಓಸ್ಮುಂಡ್ ಹೊದಿಕೆ ಬಿಚ್ಚಿ ಹೋಗಿದ್ದಾನೆ ನೋಡು" ಎಂದು ಚಾಡಿ ಹೇಳಿದಳು. ತಾನು ಮತ್ತೆ ಕಟ್ಟಿದೆನೆಂದು ಮಾತ್ರ ಹೇಳಲಿಲ್ಲ. ಬೇಸಗೆ, ಮಳೆ, ಇನ್ನೊಂದು ಚಳಿಗಾಲ, ಎಲ್ಲವನ್ನೂ ತೆರ್ನಾ ಆ ಹೊದಿಕೆಯೊಳಗೇ ಕಳೆಯಿತು.

ಈ ಏಪ್ರಿಲ್‌ನಲ್ಲಿ ವೈದ್ಯರು ತಾರಾಲ್‌ಗೆ ಅಪ್ಪಣೆ ಕೊಟ್ಟರು. ಜೊತೆಗೆ ಗಟ್ಟಿ ಆಳೊಬ್ಬನಿದ್ದರೆ ದೋಣಿಯಲ್ಲಿ ಹೋಗಬಹುದು. ಆಳು ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ. ಓಸ್ಮುಂಡ್ ವರ್ಷದ ಮೇಲೆ ಬೆರ್ಗೆನ್‌ನಿಂದ ಬಂದಿಳಿದಿದ್ದ. ಇಬ್ಬರೂ ಬಂಗುಡೆ ಹಿಡಿಯುವ ಮಾತನ್ನು ಶಾಲೆ ಬಿಟ್ಟ ಹುಡುಗರಂತೆ ಆಡುತ್ತಿದ್ದರು. ಮೇ ಹದಿನೇಳರ ರಾಷ್ಟ್ರೀಯ ಹಬ್ಬಕ್ಕೆ ಮೊದಲು ದೋಣಿ ನೀರಿನಲ್ಲಿರಬೇಕು, ಇಲ್ಲದಿದ್ದರೆ ಆ ಊರಿನಲ್ಲಿ ತಲೆಯೆತ್ತಿ ನಡೆಯುವಂತಿಲ್ಲ.

ಶನಿವಾರ ಬೆಳಿಗ್ಗೆ ತಮ್ಮನಿಗೆ ಕಷ್ಟವಾಗದಿರಲೆಂದು ಆಸ್ಲೌಗ್ ಮೊದಲೇ ಹೋಗಿ ಗಂಟು ಬಿಚ್ಚಿದಳು. ಟಾರ್ಪಾಲು ಎತ್ತಿದ ಕೂಡಲೇ ಅಣಬೆಯ ವಾಸನೆ ಮೂಗಿಗೆ ಹೊಡೆಯಿತು. ಹೊದಿಕೆಯ ಒಳಮೈಯಲ್ಲಿ ಕಪ್ಪು ಬೂಷ್ಟು, ಅದರ ಮೇಲೆ ಬೆವರಿನಂತೆ ನೀರಹನಿ. ಕಾಲಿಡುವ ಹಲಗೆ ಸರಿಸಿ, ಹಿಂಬದಿಯ ಕೆಳಹಲಗೆಯ ಮೇಲೆ ಹೆಬ್ಬೆಟ್ಟು ಒತ್ತಿದಳು. ನೆಂದ ಬ್ರೆಡ್ಡಿನೊಳಗೆ ಇಳಿದಂತೆ ಬೆರಳು ಇಳಿಯಿತು. ಹೊರಗೆ ಬಣ್ಣ ಹಾಗೇ ಹೊಳೆಯುತ್ತಿತ್ತು. ಮೇಲೆ ಥಳಕು, ಒಳಗೆ ಹುಳುಕು ಎನ್ನುತ್ತಾರಲ್ಲ, ಅದೇ. ಮರ ಲಡ್ಡಾಗಿತ್ತು.

ಅಂಗಡಿಯಲ್ಲಿ ಓಸ್ಮುಂಡ್ ನಗುತ್ತ ಹೇಳಿದ ಮಾತು ಆಗ ನೆನಪಾಯಿತು. ದೋಣಿಯ ಉಸಿರು ಕಟ್ಟಿಸಿದವಳು ತಾನೇ ಎಂದು ತಿಳಿಯಲು ಅವಳಿಗೆ ಬಡಗಿಯ ವಿದ್ಯೆ ಬೇಕಾಗಲಿಲ್ಲ. ತಮ್ಮ ಬಂದ ಕೂಡಲೇ ಹೇಳಿಬಿಡಬೇಕು ಅಂದುಕೊಂಡಳು, ನಿಜವಾಗಿಯೂ ಅಂದುಕೊಂಡಳು.

ತಾರಾಲ್ ಕೋಲೂರಿಕೊಂಡು, ಇನ್ನೊಂದು ಕೈ ಓಸ್ಮುಂಡ್‌ನ ಹೆಗಲ ಮೇಲಿಟ್ಟುಕೊಂಡು ಇಳಿದು ಬಂದ. ಓಸ್ಮುಂಡ್, "ಇವನನ್ನ ಹೊತ್ಕೊಂಡು ಬರೋ ಬದಲು ದೋಣಿನೇ ಮೇಲೆ ಹೊತ್ತಿದ್ರೆ ಹಗುರಾಗ್ತಿತ್ತು" ಅನ್ನುತ್ತಿದ್ದ. ತಾರಾಲ್ ನಗುತ್ತಲೇ ಸೊಂಟದ ಚಾಕು ಎಡಗೈಯಲ್ಲಿ ತೆಗೆದು, ವಸಂತದಲ್ಲಿ ಎಲ್ಲರೂ ಮಾಡುವಂತೆ ಹಲಗೆಗಳನ್ನು ಒಂದೊಂದಾಗಿ ಚುಚ್ಚುತ್ತ ಹೋದ. ಮುಂದಿನಿಂದ ನಡುವಿನವರೆಗೆ ಟಕ್, ಟಕ್ ಎಂದಿತು. ಹಿಂಬದಿಗೆ ಬಂದಾಗ ಚಾಕು ಸದ್ದಿಲ್ಲದೆ ಹಿಡಿಯವರೆಗೂ ಹೋಯಿತು.

ತಾರಾಲ್ ಚಾಕು ಹೊರಗೆಳೆದು, ಅದಕ್ಕೆ ಅಂಟಿದ ಕಂದು ಪುಡಿಯನ್ನು ನೋಡಿದ.

"ಅಕ್ಕ, ಬೆಳಿಗ್ಗೆ ನೀನು ಬಂದಾಗ ಹಿಂದಿನ ತುದಿ ಹೇಗಿತ್ತು? ತೆರೆದಿತ್ತಾ?"

"ತೆರೆದಿತ್ತು" ಅಂದಳು ಆಸ್ಲೌಗ್.

ಅಷ್ಟೇ. ಆ ಒಂದು ಮಾತು ಬಾಯಿಂದ ಹೇಗೆ ಬಿತ್ತೋ ಅವಳಿಗೇ ಗೊತ್ತಾಗಲಿಲ್ಲ. ಬಿದ್ದ ಮೇಲೆ ಹೆಕ್ಕಿಕೊಳ್ಳುವಷ್ಟು ಧೈರ್ಯವೂ ಇರಲಿಲ್ಲ.

ತಾರಾಲ್ ಗೆಳೆಯನ ಕಡೆ ತಿರುಗಿದ. "ಸಂದು ಬಿಡೋದು ಬೇರೆ, ಬಾಗಿಲು ತೆರೆದಿಟ್ಟ ಹಾಗೆ ಬಿಟ್ಟು ಊರು ಬಿಟ್ಟು ಹೋಗೋದು ಬೇರೆ. ನೈಋತ್ಯದ ಮಳೆ ಎಲ್ಲಿಗೆ ಹೊಡೆಯುತ್ತೆ ಅಂತ ನಿಂಗೆ ನಾನು ಹೇಳ್ಕೊಡ್ಬೇಕಾ?"

"ಎರಡು ಗೇಣಷ್ಟೇ ಬಿಟ್ಟಿದ್ದೆ ಕಣೋ" ಅಂದ ಓಸ್ಮುಂಡ್. ಬಗ್ಗಿ ಕೊಳೆತ ಜಾಗವನ್ನು ಮುಟ್ಟಿ ನೋಡಿದ. ಅವನ ಮುಖ ಬಾಡಿತು. "ಹಗ್ಗ ಸಡಿಲ ಆಗಿರ್ಬೇಕು. ಮಧ್ಯದಲ್ಲಿ ಒಂದ್ಸಲ ಬಂದು ನೋಡ್ಬೇಕಿತ್ತು ನಾನು."

"ನೋಡ್ಬೇಕಿತ್ತು. ಆದ್ರೆ ಇದು ಲಕ್ವ ಹೊಡೆದವನ ದೋಣಿ ತಾನೆ? ಇದು ಕೊಳೆತ್ರೇನು, ತೇಲಿದ್ರೇನು."

"ಹಾಗನ್ಬೇಡ ತಾರಾಲ್."

"ಅಕ್ಕ, ನನ್ನನ್ನ ಮನೆಗೆ ಕರ್ಕೊಂಡ್ಹೋಗು."

ಏರುದಾರಿಯಲ್ಲಿ ತಾರಾಲ್ ತನ್ನ ಭಾರವನ್ನೆಲ್ಲ ಅವಳ ತೋಳಿನ ಮೇಲೆ ಹಾಕಿದ್ದ. "ನೀನೊಬ್ಳೇ ನಂಗೆ ಆಗೋದು" ಎಂದ.

ಮರುದಿನವೇ ಓಸ್ಮುಂಡ್ ತೆರ್ನಾವನ್ನು ರಿಪೇರಿಗೆಂದು ತನ್ನ ದೋಣಿಮನೆಗೆ ಎಳೆಸಿಕೊಂಡ. ಬೇಡವೆನ್ನಲೂ ತಾರಾಲ್ ಬಾಯಿ ತೆರೆಯಲಿಲ್ಲ. ಕಿಟಕಿಯ ಪರದೆ ಎಳೆದುಕೊಂಡು ಕುಳಿತ. ಗೆಳೆಯ ಎರಡು ಸಲ ಬಾಗಿಲು ತಟ್ಟಿ ಹಿಂತಿರುಗಿದ. ಹಬ್ಬದ ಮೆರವಣಿಗೆಯಲ್ಲಿ ಬಾಲ್ಯದಿಂದ ಒಟ್ಟಿಗೆ ನಡೆದವರು, ಒಬ್ಬನ ಮದುವೆಗೆ ಇನ್ನೊಬ್ಬ ಕೋಟು ಕೊಟ್ಟವನು. ಈಗ ಅಂಗಡಿಯಲ್ಲಿ ಎದುರಾದರೆ ತಾರಾಲ್ ಹಾಲಿನ ಡಬ್ಬಿಗಳ ಮೇಲಿನ ತಾರೀಕು ಓದುತ್ತ ನಿಲ್ಲುತ್ತಿದ್ದ.

ಆಸ್ಲೌಗ್ ಪ್ರತಿ ಮಧ್ಯಾಹ್ನ ಫ್ಲಾಸ್ಕಿನಲ್ಲಿ ಕಾಫಿ, ಕಂದು ಬಣ್ಣದ ಚೀಸ್ ಹಚ್ಚಿದ ವಾಫಲ್ ತೆಗೆದುಕೊಂಡು ಓಸ್ಮುಂಡ್‌ನ ದೋಣಿಮನೆಗೆ ಹೋಗತೊಡಗಿದಳು. ಕಾಫಿ ಕೊಟ್ಟರೆ ಪಾಪ ಕಳೆಯುತ್ತದೆಂದಲ್ಲ. ಮನೆಯಲ್ಲಿ ಕುಳಿತರೆ ಇನ್ನೂ ಕೆಡುಕೆನಿಸುತ್ತಿತ್ತು. ಓಸ್ಮುಂಡ್ ಕೊಳೆತದ್ದನ್ನು ಉಳಿಯಿಂದ ಕೆತ್ತಿ ತೆಗೆಯುತ್ತಿದ್ದ. ಪುಡಿ ನಿಂತು ಗಟ್ಟಿಮರ ಸಿಕ್ಕ ಮೇಲೂ ಒಂದು ಗೇಣು ಮುಂದಕ್ಕೆ ಕೊಯ್ದ.

"ಅದು ಚೆನ್ನಾಗೇ ಇದೆಯಲ್ಲ?" ಎಂದಳು ಅವಳು.

"ಚೆನ್ನಾಗಿರೋ ಹಾಗೆ ಕಾಣುತ್ತೆ. ಬೂಷ್ಟಿನ ಬೇರು ಒಳಗೊಳಗೇ ಹೋಗಿರುತ್ತೆ. ಇಲ್ಲೇ ನಿಲ್ಲಿಸಿ ಮೇಲೆ ಬಣ್ಣ ಬಳಿದ್ರೆ ಎರಡೇ ವರ್ಷ, ಹೊಸ ಹಲಗೆನೂ ತಿಂದು ಹಾಕುತ್ತೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿದ್ದಾರೆ. ಆಸ್ಲೌಗ್ ಅಂದು ಹೆಗಲಷ್ಟೇ ಅಲ್ಲ, ಮೈಯೆಲ್ಲ ಮುಟ್ಟಿಕೊಂಡಳು. ಅವನು ಬರೀ ಮರದ ಮಾತಾಡಿದ್ದ.

ಹೊಸ ಹಲಗೆಗೆ ಓಸ್ಮುಂಡ್ ಅಟ್ಟದಿಂದ ಇಳಿಸಿದ್ದು ಗಂಟಿಲ್ಲದ ಒಂದು ಉದ್ದನೆಯ ಪೈನ್ ಹಲಗೆ. ವರ್ಷಗಟ್ಟಲೆ ನೆರಳಲ್ಲಿ ಒಣಗಿಸಿದ್ದು. ಅದನ್ನು ಅವನು ತನ್ನದೇ ದೋಣಿಗೆಂದು ಇಟ್ಟುಕೊಂಡಿದ್ದ ಎಂಬುದು ಆ ದಂಡೆಯಲ್ಲಿ ಎಲ್ಲರಿಗೂ ಗೊತ್ತು. ಎಷ್ಟೋ ಜನ ಕೇಳಿ ಬೈಸಿಕೊಂಡಿದ್ದರು.

"ಇದನ್ನ ಕೊಯ್ತೀಯಾ?" ಎಂದಳು ಆಸ್ಲೌಗ್.

"ಮತ್ತೇನು ಇದಕ್ಕೆ ಪೂಜೆ ಮಾಡ್ಲಾ?" ಎಂದ ಓಸ್ಮುಂಡ್. ಆಮೇಲೆ ಗರಗಸ ಎತ್ತಿಕೊಳ್ಳುತ್ತ ತಗ್ಗಿದ ದನಿಯಲ್ಲಿ ಹೇಳಿದ: "ದಿನಾ ರಾತ್ರಿ ಅದೇ ಯೋಚನೆ ಆಸ್ಲೌಗ್. ನಾನು ಹಗ್ಗ ಸರಿಯಾಗೇ ಕಟ್ಟಿದ್ದೆ ಅಂತ ನೆನಪು. ಆದ್ರೆ ವಯಸ್ಸಾಯ್ತು, ನೆನಪನ್ನ ನಂಬೋಕಾಗುತ್ತಾ? ಕಟ್ಟಿರ್ಲಿಲ್ಲ ಅಂತಾನೇ ಕಾಣುತ್ತೆ."

ಇದಕ್ಕಿಂತ ಅವನು ತನ್ನ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ. ಅವಳ ಒಂದು ಸುಳ್ಳು ಗೆಳೆತನ ಮುರಿದದ್ದಲ್ಲದೆ, ಒಬ್ಬ ನೆಟ್ಟಗಿರುವ ಮನುಷ್ಯನಿಗೆ ತನ್ನ ತಲೆಯ ಮೇಲೇ ನಂಬಿಕೆ ಹೋಗುವಂತೆ ಮಾಡಿತ್ತು.

ಹಲಗೆ ಕೂರಿಸುವ ದಿನ ಇನ್ನೊಂದು ಜೊತೆ ಕೈ ಬೇಕಾಯಿತು. ತಾಮ್ರದ ಮೊಳೆಯನ್ನು ದೋಣಿಯ ಹೊರಗಿನಿಂದ ಹೊಡೆದ ಮೇಲೆ ಅದರ ತಲೆಗೆ ಹೊರಗೊಬ್ಬರು ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು. ಒಳಗೊಬ್ಬರು ಮೊಳೆಯ ತುದಿಗೆ ತಾಮ್ರದ ಬಿಲ್ಲೆ ತೊಡಿಸಿ ಸುತ್ತಿಗೆಯಿಂದ ಬಡಿದು ಅರಳಿಸಬೇಕು. ಈ ಕೆಲಸ ಅವನು ಸದಾ ತಾರಾಲ್ ಜೊತೆ ಮಾಡಿದ್ದ. ಈಗ ಆಸ್ಲೌಗ್ ಹೊರಗೆ ನೆಲದ ಮೇಲೆ ಕುಳಿತು ಗಟ್ಟಿ ಹಿಡಿದಳು. ಓಸ್ಮುಂಡ್ ಒಳಗೆ. ಅವರ ಮಧ್ಯೆ ಹಲಗೆ. ಅವನ ಮುಖ ಅವಳಿಗೆ ಕಾಣುತ್ತಿರಲಿಲ್ಲ, ಅವಳ ಮುಖ ಅವನಿಗೂ ಇಲ್ಲ.

"ಹಿಡ್ದಿದ್ದೀಯಾ?"

"ಹಿಡ್ದಿದ್ದೀನಿ."

ಸುತ್ತಿಗೆಯ ಏಟು ಕಬ್ಬಿಣದ ಮೂಲಕ ಅವಳ ಮೊಣಕೈಯವರೆಗೂ ಬರುತ್ತಿತ್ತು. ಒಂದು ಮೊಳೆ, ಇನ್ನೊಂದು, ಮತ್ತೊಂದು. ಸಾಲು ಅರ್ಧ ಮುಗಿದಿರಬಹುದು.

"ಓಸ್ಮುಂಡ್, ತುದಿ ತೆರೆದಿರ್ಲಿಲ್ಲ" ಎಂದಳು ಆಸ್ಲೌಗ್ ಹಲಗೆಗೆ.

"ಏನಂದೆ?"

"ನೀನು ಬೆರ್ಗೆನ್‌ಗೆ ಹೋದ ಮಾರನೇ ದಿನಾನೇ ನಾನು ಮತ್ತೆ ಕಟ್ಟಿದೆ. ಎರಡೆರಡು ಗಂಟು ಹಾಕಿ ಬಿಗಿದೆ. ಉಪ್ಪು ತೊಳೆದವಳೂ ನಾನೇ. ಆ ದಿನ ಬೆಳಿಗ್ಗೆ ನೀವು ಬರೋಕೆ ಮೊದ್ಲು ನಾನೇ ಎಲ್ಲಾ ಬಿಚ್ಚಿದೆ. ಅವನು ಕೇಳ್ದಾಗ ಸುಳ್ಳು ಹೇಳ್ದೆ. ನಿನ್ನ ನೆನಪು ಸರಿಯಾಗೇ ಇದೆ ಓಸ್ಮುಂಡ್."

ಒಳಗೆ ಸುತ್ತಿಗೆ ನಿಂತಿತು. ಆಸ್ಲೌಗ್ ಗಟ್ಟಿಯನ್ನು ಒತ್ತಿಯೇ ಹಿಡಿದಿದ್ದಳು. ಕೈ ಬಿಟ್ಟರೆ ಎಲ್ಲವೂ ಕಳಚಿ ಬೀಳುತ್ತದೆ ಎಂಬಂತೆ.

"ಥೂ ನಿನ್ನ" ಎಂದ ಓಸ್ಮುಂಡ್. ಆಮೇಲೆ, "ಅವನಿಗೆ ಹೇಳಿದ್ದೀಯಾ?"

"ಇಲ್ಲ. ಇವತ್ತು ಹೇಳ್ತೀನಿ."

"ಹೇಳ್ಬೇಡ."

"ಯಾಕೆ?"

"ಅವನಿಗೆ ಊಟ ಹಾಕೋರು ಯಾರು? ಸ್ನಾನಕ್ಕೆ ಇಳಿಸೋರು ಯಾರು? ಅವನ ಸಿಟ್ಟು ನಿಂಗೆ ಗೊತ್ತಿಲ್ವಾ, ನಿನ್ನನ್ನ ಹೊಸ್ತಿಲು ತುಳಿಯೋಕೆ ಬಿಡಲ್ಲ. ನಾನಿಲ್ದೆ ಅವನು ಬದುಕ್ತಾನೆ. ನೀನಿಲ್ದೆ ಆಗಲ್ಲ." ಸುತ್ತಿಗೆಯಿಂದ ಹಲಗೆಗೆ ಮೆಲ್ಲಗೆ ಒಮ್ಮೆ ತಟ್ಟಿದ. "ಹಿಡಿ. ಇನ್ನೂ ಸಾಲು ಮುಗಿದಿಲ್ಲ."

ಅವಳು ಹಿಡಿದಳು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮನೆಗೆ ಹೋಗುವ ದಾರಿಯಲ್ಲಿ ಆ ಹಗುರವೇ ಅವಳಿಗೆ ಹೇಸಿಗೆ ತಂದಿತು. ತಪ್ಪು ಒಪ್ಪಿಕೊಂಡಾಯಿತು, ದಂಡ ಮಾತ್ರ ಇನ್ನೊಬ್ಬನ ಹೆಗಲ ಮೇಲೆ. ಇಂಥ ಅಗ್ಗದ ಕ್ಷಮೆ ಯಾರಿಗುಂಟು? ಆದರೂ ಅವಳು ಅಂದು ತಮ್ಮನಿಗೆ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಓಸ್ಮುಂಡ್ ಬೇಡವೆಂದಿದ್ದಾನಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮನುಷ್ಯರಿಗೆ ನೆಪ ಸಿಕ್ಕರೆ ಅದು ಕಡಲೆಕಾಯಿ ಇದ್ದ ಹಾಗೆ, ಒಂದಕ್ಕೆ ನಿಲ್ಲುವುದಿಲ್ಲ.

ಓಸ್ಮುಂಡ್ ಹೊಸ ಹಲಗೆಗೆ ಬಿಸಿ ಅಗಸೆ ಎಣ್ಣೆ ಕುಡಿಸಿದ, ಒಳಮೈಗೆ ಡಾಂಬರು ಬಳಿದ, ತಳಕ್ಕೆ ಎರಡು ಬೊಗಸೆ ಹರಳುಪ್ಪು ಎರಚಿದ. ಹೊರಗಿನ ಬಿಳಿ ಬಣ್ಣ ಒಣಗುವ ಹೊತ್ತಿಗೆ ಹಬ್ಬಕ್ಕೆ ವಾರ ಉಳಿದಿತ್ತು.

ದೋಣಿ ಇಳಿಸುವ ದಿನ ಆ ದಂಡೆಯಲ್ಲಿ ಎಲ್ಲರೂ ಎಲ್ಲರ ದೋಣಿಗೂ ಕೈ ಹಚ್ಚುತ್ತಾರೆ. ಕೂಲಿಯಿಲ್ಲ, ಕರೆಯಿಲ್ಲ, ಕಾಫಿ, ಸಾಸೇಜು, ಒಬ್ಬರ ಕಾಲನ್ನೊಬ್ಬರು ಎಳೆಯುವುದು, ಅಷ್ಟೇ ಸಂಭಾವನೆ. ತಾರಾಲ್ ಒಳ್ಳೆಯ ಕೋಟು ಹಾಕಿಕೊಂಡು, ಕೋಲೂರಿ ಬಂದು ದೋಣಿಗಳನ್ನು ನೀರಿಗೆ ಜಾರಿಸುವ ಕಟ್ಟೆಯ ತುದಿಯಲ್ಲಿ ನಿಂತ. ತೆರ್ನಾದ ಸರದಿ ಬಂದಾಗ ಎಂಟು ಹತ್ತು ಜನ ಅಂಚು ಹಿಡಿದರು. ಓಸ್ಮುಂಡ್ ಹಿಂಬದಿಯಲ್ಲಿ, ತಾನು ಕೂರಿಸಿದ ಹಲಗೆಯ ಬಳಿಯೇ, ಹೆಗಲು ಕೊಟ್ಟ.

"ನೀನು ಬಿಡು" ಎಂದ ತಾರಾಲ್.

ಎಲ್ಲರಿಗೂ ಕೇಳಿಸಿತು.

"ಮರ ಹಾಕಿದ್ದಕ್ಕೆ ಎಷ್ಟಾಯ್ತೋ ಹೇಳು, ಕೊಡ್ತೀನಿ. ಇನ್ಮೇಲೆ ನನ್ನ ದೋಣಿ ಮುಟ್ಬೇಡ."

ಓಸ್ಮುಂಡ್ ಅಂಚಿನಿಂದ ಎರಡೂ ಕೈ ತೆಗೆದು, ಪ್ಯಾಂಟಿಗೆ ಒರೆಸಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಜನ ನೆಲ ನೋಡಿದರು. ತಾರಾಲ್ ಸುತ್ತ ತಿರುಗಿ, "ಎರಡು ವರ್ಷ ಈ ದೋಣಿ ಕಾಪಾಡಿದವಳು ನಮ್ಮಕ್ಕ ಒಬ್ಳೇ. ಇವತ್ತು ನನ್ ಜೊತೆ ಅವಳೇ ಬರ್ತಾಳೆ" ಎಂದು ಅವಳ ಕಡೆ ಕೈ ಚಾಚಿದ.

ಬೈದಿದ್ದರೆ ಆಸ್ಲೌಗ್ ಇನ್ನೂ ಸ್ವಲ್ಪ ದಿನ ತಡೆದುಕೊಳ್ಳುತ್ತಿದ್ದಳೇನೋ. ಹೊಗಳಿಕೆ ತಡೆಯಲಾಗಲಿಲ್ಲ. ಉಪ್ಪು ತಿಂದವರು ನೀರು ಕುಡಿಯಲೇಬೇಕು. ಅವಳಂತೂ ಉಪ್ಪನ್ನು ಮೆಟ್ಟಿಲಿಗೆ ಸುರಿದವಳು.

"ಕೊಳೆಸಿದವಳು ನಾನು ತಾರಾಲ್" ಎಂದಳು.

"ಆಸ್ಲೌಗ್, ಸುಮ್ನಿರು" ಎಂದ ಓಸ್ಮುಂಡ್.

"ಇಲ್ಲ, ಸಾಕು. ಅವನು ಗಾಳಿಗೆ ಅಂತ ಬಿಚ್ಚಿದ್ದ. ನಾನು ಮತ್ತೆ ಕಟ್ಟಿದೆ. ಒಂದು ಬೇಸಗೆ, ಒಂದು ಚಳಿಗಾಲ ಗಾಳಿ ಆಡ್ದೆ ಬಿಗಿದಿಟ್ಟಿದ್ದೆ. ತೆರೆದಿತ್ತು ಅಂದಿದ್ದು ಸುಳ್ಳು. ಅವನ ತಪ್ಪು ಏನೂ ಇಲ್ಲ. ಇದು ಗೊತ್ತಾದ ಮೇಲೂ ನನ್ನನ್ನ ಉಳಿಸೋಕೆ ಸುಮ್ನಿದ್ದ."

ತಾರಾಲ್‌ನ ಚಾಚಿದ ಕೈ ಮೆಲ್ಲಗೆ ಇಳಿಯಿತು. ಅವನು ಓಸ್ಮುಂಡ್‌ನನ್ನು ನೋಡಿದ. ಓಸ್ಮುಂಡ್ ತನ್ನ ಬೂಟು ನೋಡುತ್ತಿದ್ದ.

"ನಿಂಗೆ ಗೊತ್ತಿತ್ತಾ?"

"ಹೂಂ."

"ಆದ್ರೂ ಈಗ ಕೈ ತೆಗ್ದೆ."

"ದೋಣಿ ನಿಂದು. ನೀನು ಬಿಡು ಅಂದೆ, ಬಿಟ್ಟೆ."

ಅಕ್ಕನ ಕಡೆ ತಿರುಗಿದಾಗ ಅವನ ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. "ದೋಣಿ ಹೋದ್ರೆ ಹೋಗ್ಲಿ ಅಕ್ಕ. ನಿಂಗೆ ಗೊತ್ತಿರ್ಲಿಲ್ಲ, ತಪ್ಪಾಯ್ತು. ಇವನ ಮುಖಕ್ಕೆ ಬಾಗಿಲು ಹಾಕಿಸಿದ್ಯಲ್ಲ ನನ್ ಕೈಲಿ. ದಿನಾ ನಂಗೆ ಊಟ ಹಾಕ್ತಾ ಅದನ್ನ ನೋಡ್ತಾ ಇದ್ಯಲ್ಲ."

"ಹಿಡ್ಕೊಳೋ" ಎಂದ ತಾರಾಲ್ ಗೆಳೆಯನಿಗೆ. ಓಸ್ಮುಂಡ್ ಮತ್ತೆ ಹೆಗಲು ಕೊಟ್ಟ. ದೋಣಿ ಜಾರಿ ನೀರಿಗಿಳಿಯಿತು. ಇಬ್ಬರು ಸೇರಿ ತಾರಾಲ್‌ನನ್ನು ಎತ್ತಿ ಕೂರಿಸಿದರು. ಓಸ್ಮುಂಡ್ ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ಕಟ್ಟೆಯಲ್ಲಿಟ್ಟು ಅವಳತ್ತ ಕೈ ನೀಡಿದ. "ಬಾ."

"ಅವಳು ಇವತ್ತು ಬೇಡ" ಎಂದ ತಾರಾಲ್, ಅತ್ತ ತಿರುಗಿಯೇ.

ಎಂಜಿನ್ನು ಕೆಮ್ಮಿ ಕೆಮ್ಮಿ ಶುರುವಾಯಿತು. ಒಣಗಿದ ಹಲಗೆಗಳು ನೀರು ಕುಡಿದು ಉಬ್ಬುವವರೆಗೆ ಸಂದುಗಳಲ್ಲಿ ನೀರು ಜಿನುಗುತ್ತದೆ. ಕೊಲ್ಲಿಯ ಬಾಯಿಯವರೆಗೂ ಓಸ್ಮುಂಡ್ ಡಬ್ಬಿಯಲ್ಲಿ ನೀರು ಗೋರಿ ಚೆಲ್ಲುತ್ತಿದ್ದುದು ಕಾಣಿಸಿತು. ತಾರಾಲ್ ಏನೋ ಹೇಳಿದ. ಓಸ್ಮುಂಡ್ ಗೋರುವುದನ್ನು ನಿಲ್ಲಿಸಿ ಅವನ ಬೆನ್ನ ಮೇಲೆ ಕೈಯಿಟ್ಟ. ಆಮೇಲೆ ಬಂಡೆ ಅಡ್ಡ ಬಂತು.

ದಂಡೆಯ ಜನ ಒಬ್ಬೊಬ್ಬರಾಗಿ ಮನೆಗೆ ಹೋದರು. ಯಾರೂ ಅವಳನ್ನು ಬೈಯಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ. ಆಸ್ಲೌಗ್ ಕಟ್ಟೆಯ ಮೇಲೆಯೇ ಕುಳಿತಳು. ಅವರು ಬಂದಾಗ ಹಗ್ಗ ಹಿಡಿಯಲು ಯಾರಾದರೂ ಬೇಕಲ್ಲ.

ಸಂಜೆ ಗಾಳಿ ತಿರುಗಿದ ಮೇಲೆ ತೆರ್ನಾ ಬಂತು. ಓಸ್ಮುಂಡ್ ಎಂಜಿನ್ನಿನ ಬಳಿ ಇದ್ದ. ಹಗ್ಗದ ಸುರುಳಿ ತಾರಾಲ್‌ನ ತೊಡೆಯ ಮೇಲಿತ್ತು. ಕಟ್ಟೆಯಲ್ಲಿ ಅವಳನ್ನು ಕಂಡು ಅವನು ಮುಖ ಆಚೆ ತಿರುಗಿಸಿದ. ಆಮೇಲೆ ಸುರುಳಿ ಎತ್ತಿ, ಅವಳನ್ನು ನೋಡದೆಯೇ ಅವಳ ಕಡೆಗೆ ಎಸೆದ. ಎಡಗೈ ಎಸೆತ, ಹಗ್ಗ ಅರ್ಧ ದಾರಿಗೂ ಬರಲಿಲ್ಲ, ನೀರಿಗೆ ಬಿತ್ತು.

ಆಸ್ಲೌಗ್ ಬೂಟು ಕಳಚುತ್ತ ಕೂರಲಿಲ್ಲ. ಮೇ ತಿಂಗಳಲ್ಲೂ ಕೊರೆಯುವ ನೀರಿಗೆ ತೊಡೆಯವರೆಗೂ ಇಳಿದು ಹಗ್ಗದ ತುದಿ ಹಿಡಿದುಕೊಂಡಳು.